ಸ್ಯಾನ್ ಆಂಡ್ರಿಯಾಸ್ ಆರ್‌ಪಿಜಿ ಅಲ್ಲ ಅಂದ್ರೆ, ಮತ್ತೆ ಯಾವುದು ಆರ್‌ಪಿಜಿ?

ಬೆಣ್ಣೆನಗರಿ:

ಸುಮ್ನೆ ಕೆಣಕೋಕೆ ಕೇಳುತ್ತಿಲ್ಲ, ನಿಜವಾದ ಅನುಮಾನ. ಆರ್‌ಪಿಜಿ ಅಂದ್ರೆ ರೋಲ್-ಪ್ಲೇಯಿಂಗ್ ಗೇಮ್, ಒಂದು ಪಾತ್ರವಾಗಿ ಆಡೋ ಆಟ.

ಜಿಟಿಎ ಸ್ಯಾನ್ ಆಂಡ್ರಿಯಾಸ್ ಆಡದವರು ನಮ್ಮಲ್ಲಿ ಕಡಿಮೆ. 2004ರ ಆಟ, ಆದರೂ ಸೈಬರ್ ಸೆಂಟರ್‌ಗಳಲ್ಲಿ ಎಷ್ಟೋ ವರ್ಷ ಅದೇ ಓಡುತ್ತಿತ್ತು. ಅದರ ನಾಯಕ ಸಿಜೆಗೆ ಏನೇನಿದೆ ನೋಡಿ. ಜಿಮ್‌ಗೆ ಹೋದರೆ ಮೈಕಟ್ಟು ಬರುತ್ತದೆ. ಬರ್ಗರ್, ಪಿಜ್ಜಾ ತಿನ್ನುತ್ತಾ ಕೂತರೆ ಹೊಟ್ಟೆ ಬರುತ್ತದೆ. ಪಿಸ್ತೂಲನ್ನೇ ಬಳಸುತ್ತಾ ಹೋದರೆ ಕೊನೆಗೆ ಎರಡೂ ಕೈಯಲ್ಲಿ ಒಂದೊಂದು ಹಿಡಿದು ಹೊಡೆಯುತ್ತಾನೆ. ಒಂದು ಮಿಷನ್ ಅಂತೂ ನೀರೊಳಗೆ ಉಸಿರು ಹಿಡಿಯೋ ಶಕ್ತಿ ಬೆಳೆದಿಲ್ಲ ಅಂದ್ರೆ ಶುರುವೇ ಆಗಲ್ಲ. ಮುಳುಗಿ ಎದ್ದು, ಮುಳುಗಿ ಎದ್ದು ಅಭ್ಯಾಸ ಮಾಡಿಸಿಕೊಂಡು ಬರಬೇಕು.

ಇಷ್ಟೆಲ್ಲ ಇದ್ದರೂ ಅದನ್ನು ಯಾರೂ ಆರ್‌ಪಿಜಿ ಅನ್ನಲ್ಲ. ಅದೇ ವಿಚರ್ 3 ತಗೊಳ್ಳಿ. ಅದರ ನಾಯಕ ಗೆರಾಲ್ಟ್ ಅಂದ್ರೆ ಗೆರಾಲ್ಟೇ. ಹೆಸರು, ಮುಖ, ಕಸುಬು ಯಾವುದೂ ನಮ್ಮ ಆಯ್ಕೆಯಲ್ಲ. ಅದು ಮಾತ್ರ ಆರ್‌ಪಿಜಿ. ಈ ಗೆರೆ ಎಳೆದವರು ಯಾರು?

ರಾತ್ರಿಪಾಳಿ:

ಗುರು, ಅಂಕಿ ಇದ್ದ ಮಾತ್ರಕ್ಕೆ ಆರ್‌ಪಿಜಿ ಆಗಲ್ಲ. 2007ರಲ್ಲಿ ಕಾಲ್ ಆಫ್ ಡ್ಯೂಟಿ 4 ಬಂದಾಗ ಅದರ ಮಲ್ಟಿಪ್ಲೇಯರ್‌ನಲ್ಲಿ ಎಕ್ಸ್‌ಪಿ (ಅನುಭವದ ಅಂಕ) ಇತ್ತು, ರ‍್ಯಾಂಕ್ ಇತ್ತು, ಪರ್ಕ್ (ವಿಶೇಷ ಸಾಮರ್ಥ್ಯ) ಇತ್ತು. ಆಮೇಲೆ ಕಾರ್ ರೇಸ್ ಆಟಕ್ಕೂ ಎಕ್ಸ್‌ಪಿ ಬಂತು, ಫುಟ್‌ಬಾಲ್ ಆಟಕ್ಕೂ ಬಂತು. ಅವೆಲ್ಲ ಆರ್‌ಪಿಜಿನಾ?

ನನ್ನ ಲೆಕ್ಕ ಸರಳ. ನಾನು ಮಾಡಿದ ಆಯ್ಕೆಗೆ ಆ ಲೋಕ ಉತ್ತರ ಕೊಡಬೇಕು. 1997ರ ಮೊದಲನೇ ಫಾಲೌಟ್‌ನಲ್ಲಿ ಬುದ್ಧಿಗೆ ತೀರಾ ಕಡಿಮೆ ಅಂಕ ಹಾಕಿ ಆಡಿ ನೋಡಿ. ನಿಮ್ಮ ಪಾತ್ರಕ್ಕೆ ಸರಿಯಾಗಿ ಮಾತೇ ಬರಲ್ಲ, ಆ ಅಂತಲೋ ಊ ಅಂತಲೋ ಗುರುಗುಟ್ಟುತ್ತದೆ. ಎದುರಿಗಿದ್ದವರು ಪಾಪ ಅಂದುಕೊಂಡು ಕಳಿಸುತ್ತಾರೆ, ಕೆಲಸ ವಹಿಸಲ್ಲ. ಅದೇ ಆಟದಲ್ಲಿ ಮಾತುಗಾರನಾಗಿ ಹೋದರೆ ಕೊನೆಯ ವಿಲನ್ ಜೊತೆ ಹೊಡೆದಾಡಲೇಬೇಕಾಗಿಲ್ಲ. ಅವನ ಸೈನ್ಯಕ್ಕೆ ಮಕ್ಕಳಾಗಲ್ಲ, ಅವನ ಯೋಜನೆಗೆ ಮುಂದೆ ಪೀಳಿಗೆಯೇ ಇಲ್ಲ ಅನ್ನೋ ಪುರಾವೆಯನ್ನು ಮೊದಲೇ ಹುಡುಕಿ ಇಟ್ಟುಕೊಂಡಿದ್ದರೆ, ಅದನ್ನು ತೋರಿಸಿ ಮಾತಿನಲ್ಲೇ ಮುಗಿಸಬಹುದು.

ಸಿಜೆ ಡುಮ್ಮಣ್ಣನಾದರೆ ದಾರಿಯಲ್ಲಿ ಹೋಗೋರು ರೇಗಿಸುತ್ತಾರೆ, ಅಷ್ಟೇ. ಕಥೆ ಒಂದಿಂಚೂ ಅಲ್ಲಾಡಲ್ಲ.

ಮೊದಲನೇಮಹಡಿ:

ಫುಟ್‌ಬಾಲ್ ಮ್ಯಾನೇಜರ್ ಆಡಿ ಟೈ ಕಟ್ಟಿಕೊಂಡು ಫೈನಲ್ ನೋಡಿದವನು ನಾನು. ಅದಕ್ಕಿಂತ ಆಳವಾಗಿ ಪಾತ್ರದೊಳಗೆ ಇಳಿಯೋಕೆ ಆಗಲ್ಲ 😄

ಡೈಸ್‌ಮೇಷ್ಟ್ರು:

ರಾತ್ರಿಪಾಳಿಯವರ ವಾದ ಕೇಳೋಕೆ ಚೆನ್ನಾಗಿದೆ, ಆದರೆ ಅದನ್ನು ಒಪ್ಪಿದರೆ ಈ ಪ್ರಕಾರದ ಅಜ್ಜನನ್ನೇ ಮನೆಯಿಂದ ಹೊರಗೆ ಹಾಕಬೇಕಾಗುತ್ತದೆ.

1981ರಲ್ಲಿ ವಿಜಾರ್ಡ್ರಿ ಬಂತು. ಆರು ಜನರ ತಂಡ ಕಟ್ಟಿಕೊಳ್ಳುತ್ತೀರಿ, ನೆಲಮಾಳಿಗೆಗೆ ಇಳಿಯುತ್ತೀರಿ, ಹೊಡೆಯುತ್ತೀರಿ, ಸಾಯುತ್ತೀರಿ, ಮತ್ತೆ ಇಳಿಯುತ್ತೀರಿ. ಕವಲೊಡೆಯುವ ಕಥೆ ಇಲ್ಲ, ನೀತಿಯ ಪೇಚಾಟ ಇಲ್ಲ. ಹಾಗಂತ ವಿಜಾರ್ಡ್ರಿ ಆರ್‌ಪಿಜಿ ಅಲ್ಲ ಅಂತ ಹೇಳೋ ಧೈರ್ಯ ಯಾರಿಗಿದೆ?

ಇದು ಹೀಗೇಕೆ ಆಯಿತು ಅಂತ ಸ್ವಲ್ಪ ಹಿಂದಕ್ಕೆ ಹೋಗಿ ನೋಡಬೇಕು. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಇಬ್ಬರೂ ಡಂಜನ್ಸ್ ಆಂಡ್ ಡ್ರಾಗನ್ಸ್ ತಂದರು. ಅದು ಹುಟ್ಟಿದ್ದು ಯುದ್ಧದಾಟದಿಂದ. ಗೊಂಬೆ ಸೈನಿಕರನ್ನು ಮೇಜಿನ ಮೇಲೆ ಜೋಡಿಸಿ ಆಡುತ್ತಿದ್ದ ಆಟ ಅದು. ಇಡೀ ದಂಡನ್ನು ನಡೆಸುವ ಬದಲು ಒಬ್ಬ ಆಟಗಾರನಿಗೆ ಒಂದೇ ಗೊಂಬೆ, ಆ ಗೊಂಬೆಗೊಂದು ಹೆಸರು, ಆಯಸ್ಸು, ಮುಂದಿನ ವಾರಕ್ಕೂ ಉಳಿಯುವ ಬದುಕು. ಬದಲಾವಣೆ ಇಷ್ಟೇ, ಆದರೆ ಎಲ್ಲವೂ ಬದಲಾಯಿತು.

ಆ ಮೇಜಿನ ಮೇಲೆ ಎರಡು ಸಂಗತಿ ಇದ್ದವು. ಒಂದು ಡೈಸ್ ಮತ್ತು ಅಂಕಿಗಳ ಕಾಗದ. ಇನ್ನೊಂದು, ಮೇಜಿನ ತುದಿಯಲ್ಲಿ ಕೂತು ಆಟ ನಡೆಸಿಕೊಡುವ ಡಂಜನ್ ಮಾಸ್ಟರ್. ನೀವು ‘ನಾನು ಬಾಗಿಲು ಒದೆಯಲ್ಲ, ಬಾಗಿಲಿನ ತಿರುಪು ಬಿಚ್ಚುತ್ತೇನೆ’ ಅಂದರೆ ಅವರು ಕ್ಷಣ ಯೋಚಿಸಿ ಸರಿ ಅನ್ನುತ್ತಿದ್ದರು. ಕಂಪ್ಯೂಟರ್‌ಗೆ ಮೊದಲನೆಯದು ಸುಲಭ. ಕೂಡೋದು, ಕಳೆಯೋದು, ಡೈಸ್ ಉರುಳಿಸೋದು ಅದರ ಕೆಲಸವೇ. ಎರಡನೆಯದು ಅದರ ಕೈಲಿ ಆಗಲಿಲ್ಲ. ಇಲಿನಾಯ್ ವಿಶ್ವವಿದ್ಯಾಲಯದ ಪ್ಲೇಟೋ ಕಂಪ್ಯೂಟರ್‌ನಲ್ಲಿ 1975ರ ಹೊತ್ತಿಗೇ ವಿದ್ಯಾರ್ಥಿಗಳು ಡಂಜನ್ ಆಟ ಬರೆದು ಆಡುತ್ತಿದ್ದರು. ಅವರಿಗೆ ಸಿಕ್ಕಿದ್ದೂ ಅಂಕಿಗಳೇ, ಮಾಸ್ಟರ್ ಅಲ್ಲ.

ಹಾಗಾಗಿ ಕಂಪ್ಯೂಟರ್ ಆರ್‌ಪಿಜಿಗೆ ಅಂಕಿ ಬಂದಿದ್ದು ಅದೇ ಮುಖ್ಯ ಅಂತಲ್ಲ, ಅದಷ್ಟೇ ಸಾಗಿಸೋಕೆ ಆಗಿದ್ದರಿಂದ. ಇನ್ನೂ ಒಂದು ಮಾತು. ಹಳೇ ಡಂಜನ್ಸ್ ಆಂಡ್ ಡ್ರಾಗನ್ಸ್‌ನಲ್ಲಿ ಎಕ್ಸ್‌ಪಿ ಬಹುಪಾಲು ಸಿಗುತ್ತಿದ್ದಿದ್ದು ರಾಕ್ಷಸರನ್ನು ಕೊಂದಿದ್ದಕ್ಕಲ್ಲ, ನಿಧಿ ಹೊತ್ತು ತಂದಿದ್ದಕ್ಕೆ. ಒಂದು ಚಿನ್ನದ ನಾಣ್ಯಕ್ಕೆ ಒಂದು ಅಂಕ. ಹೊಡೆದಾಡದೆ ಕದ್ದು ತಂದವನೇ ಜಾಣ.

ಪಿಕ್ಸೆಲ್‌ಅಕ್ಕ:

ಮೇಷ್ಟ್ರೇ, ಇತಿಹಾಸ ಸರಿ. ಆದರೆ ಅಂಕಿಗಳು ಅಲ್ಲಿ ಏನು ಕೆಲಸ ಮಾಡುತ್ತಿದ್ದವು ಅಂತ ಒಂದು ಹೆಜ್ಜೆ ಮುಂದೆ ಹೋಗಿ ಕೇಳಬೇಕಲ್ವಾ?

ನನ್ನ ಮಟ್ಟಿಗೆ ಪ್ರಶ್ನೆ ಒಂದೇ: ಕೆಲಸ ಆಗುತ್ತೋ ಇಲ್ಲವೋ ಅನ್ನೋದನ್ನು ತೀರ್ಮಾನ ಮಾಡೋದು ನನ್ನ ಕೈಚಳಕವೋ, ಪಾತ್ರದ ಸಾಮರ್ಥ್ಯವೋ?

2002ರ ಮಾರೋವಿಂಡ್ ನೆನಪಿದೆಯಾ? ಹಡಗಿನಿಂದ ಇಳಿದು ಊರಾಚೆ ಬಂದರೆ ಒಂದು ಏಡಿ ಎದುರಾಗುತ್ತದೆ. ಕತ್ತಿ ಬೀಸುತ್ತೀರಿ. ಕತ್ತಿ ಏಡಿಯ ಮೈಯೊಳಗೇ ಹಾದುಹೋಗೋದು ಕಣ್ಣಿಗೆ ಕಾಣುತ್ತದೆ, ಆದರೆ ಏಟು ಬೀಳಲ್ಲ. ಯಾಕಂದ್ರೆ ಒಳಗೆ ಡೈಸ್ ಉರುಳಿದೆ, ನಿಮ್ಮ ಪಾತ್ರಕ್ಕೆ ಕತ್ತಿ ಹಿಡಿಯೋಕೆ ಬರಲ್ಲ ಅಂತ ಅದು ಹೇಳಿದೆ. ಜೊತೆಗೆ ಊರಿನಿಂದ ಓಡಿಕೊಂಡೇ ಬಂದಿದ್ದೀರಿ, ದಣಿವಿನ ಪಟ್ಟಿ ಖಾಲಿಯಾಗಿದೆ, ಆ ಲೆಕ್ಕವೂ ಅದರಲ್ಲಿ ಸೇರಿದೆ. ಹೊಸಬರು ಇದು ಬಗ್ ಅಂತ ಬೈದು ಆಟ ಬಿಟ್ಟರು. ನನಗೆ ಮಾತ್ರ ಅಲ್ಲೇ ಆ ಆಟ ಇಷ್ಟವಾಯಿತು. ಏಡಿಯ ಮುಂದೆ ಸೋತವಳು ನಾನಲ್ಲ, ನನ್ನ ಪಾತ್ರ.

2018ರ ಕಿಂಗ್‌ಡಮ್ ಕಮ್: ಡೆಲಿವರೆನ್ಸ್ ಇದನ್ನು ಇನ್ನೂ ಚಂದ ಮಾಡಿದೆ. 1403ರ ಬೊಹೀಮಿಯಾ, ಹೆನ್ರಿ ಅನ್ನೋ ಕಮ್ಮಾರನ ಮಗ. ಅವನಿಗೆ ಓದೋಕೆ ಬರಲ್ಲ. ನೀವು ಪುಸ್ತಕ ತೆಗೆದರೆ ಪರದೆ ಮೇಲೆ ಅಕ್ಷರಗಳೆಲ್ಲ ಹಿಂದುಮುಂದಾಗಿ ಕಾಣುತ್ತವೆ. ನೀವು ಎಂ.ಎ. ಮಾಡಿದ್ದರೂ ಅಷ್ಟೇ, ಹೆನ್ರಿ ಓದಲಾರ. ಬರವಣಿಗೆಯವನ ಹತ್ತಿರ ಹೋಗಿ ಕಲಿತು ಬಂದ ಮೇಲೆ ಒಂದೊಂದೇ ಪದ ಸರಿಯಾಗಿ ಕೂರುತ್ತಾ ಹೋಗುತ್ತದೆ. ನೋಡಿ, ಇದು ಆರ್‌ಪಿಜಿ.

ಈಗ ಸ್ಯಾನ್ ಆಂಡ್ರಿಯಾಸ್‌ಗೆ ಬನ್ನಿ. ಎಲ್ಲರೂ ಸಿಕ್ಕಿಬಿದ್ದ ಆ ರೈಲಿನ ಮಿಷನ್‌ನಲ್ಲಿ ಸೋತಿದ್ದು ಯಾಕೆ? ಬೈಕನ್ನು ರೈಲಿಗೆ ತೀರಾ ಹತ್ತಿರ ಹಿಡಿದಿದ್ದಕ್ಕೆ, ಹಿಂದೆ ಕೂತವನಿಗೆ ಗುರಿ ಸಿಗದಿದ್ದಕ್ಕೆ. ಅದು ನಿಮ್ಮ ಕೈ. ವಿಮಾನ ಕಲಿಯೋ ಶಾಲೆಯಲ್ಲೂ ಕಲಿಯಬೇಕಾದವರು ನೀವೇ. ಬೆಣ್ಣೆನಗರಿಯವರು ಹೇಳಿದ ಉಸಿರಿನ ಮಿಷನ್ ಇದೆಯಲ್ಲ, ಆ ಒಂದು ಜಾಗದಲ್ಲಿ ಮಾತ್ರ ಅದು ನಿಜವಾಗಿ ಆರ್‌ಪಿಜಿ ಥರ ನಡೆದುಕೊಳ್ಳುತ್ತದೆ.

ರಾತ್ರಿಪಾಳಿ:

ಅಕ್ಕಾ, ಹಾಗಾದರೆ ಎಲ್ಡನ್ ರಿಂಗ್ ಏನು ಮಾಡೋಣ? ಅಲ್ಲಿ ಎಲ್ಲವೂ ಕೈ. ಯಾವಾಗ ಉರುಳಬೇಕು, ಯಾವಾಗ ಹೊಡೆಯಬೇಕು ಅನ್ನೋದೇ ಆಟ. ಒಂದು ಲೆವೆಲ್ಲೂ ಏರಿಸದೆ ಮುಗಿಸಿದವರ ವಿಡಿಯೊಗಳು ರಾಶಿ ಇವೆ. ನಿಮ್ಮ ಲೆಕ್ಕದಲ್ಲಿ ಅದು ಆರ್‌ಪಿಜಿ ಅಲ್ಲ.

ಪಿಕ್ಸೆಲ್‌ಅಕ್ಕ:

ಅಲ್ಲ ಅನ್ನಲ್ಲ, ಕಡಿಮೆ ಅನ್ನುತ್ತೇನೆ. ದೊಡ್ಡ ಕತ್ತಿ ಎತ್ತೋಕೆ ಇಷ್ಟು ಬಲ ಬೇಕು, ಈ ಮಂತ್ರಕ್ಕೆ ಇಷ್ಟು ಬುದ್ಧಿ ಬೇಕು ಅಂತ ಅಲ್ಲಿ ಬಾಗಿಲುಗಳಿವೆ. ಮಂತ್ರವಾದಿಯಾಗಿ ಆಡಿದವನ ಎಲ್ಡನ್ ರಿಂಗ್ ಬೇರೆ, ಸುತ್ತಿಗೆ ಹಿಡಿದವನದು ಬೇರೆ. 2000ದ ಡ್ಯೂಸ್ ಎಕ್ಸ್ ಮಧ್ಯದ ದಾರಿ ಹಿಡಿಯಿತು. ಗುರಿ ಇಡೋದು ನೀವು, ಆದರೆ ತರಬೇತಿ ಇಲ್ಲದಿದ್ದರೆ ಬಂದೂಕಿನ ಗುರಿಗೆರೆಗಳು ಅಗಲವಾಗಿ ಹರಡಿಕೊಂಡು, ಹತ್ತಿರ ಬರೋಕೆ ಸಿಕ್ಕಾಪಟ್ಟೆ ಹೊತ್ತು ತಗೊಳ್ಳುತ್ತವೆ. ಇದೆ ಅಥವಾ ಇಲ್ಲ ಅಂತ ಕತ್ತರಿಸೋಕೆ ಯಾಕೆ ಹೋಗಬೇಕು, ಎಷ್ಟಿದೆ ಅಂತ ಕೇಳಿದರೆ ಸಾಕು.

ಸೇವ್‌ಗೇಮ್:

ಎಷ್ಟಿದೆ ಅನ್ನೋ ಪ್ರಶ್ನೆ ನನಗೂ ಹಿಡಿಸಿತು. ರೋಗ್‌ಲೈಕ್ ಮಂದಿ ಇದನ್ನೇ ಮಾಡಿದರು. 1980ರ ರೋಗ್ ಥರದ ಆಟ ಅಂದ್ರೆ ಯಾವುದು ಅಂತ 2008ರಲ್ಲಿ ಬರ್ಲಿನ್‌ನಲ್ಲಿ ಸೇರಿ ಪಟ್ಟಿ ಬರೆದರು. ಇವು ಮುಖ್ಯ ಲಕ್ಷಣ, ಇವು ಅಷ್ಟು ಮುಖ್ಯವಲ್ಲ, ಎಲ್ಲವೂ ಇರಲೇಬೇಕು ಅಂತಿಲ್ಲ ಅಂತ. ಚೆನ್ನಾದ ಪಟ್ಟಿ. ಆಮೇಲೆ ಆಗಿದ್ದೇನು? ಪಟ್ಟಿ ಒಂದು ಕಡೆ ಉಳಿಯಿತು, ಆಟಗಳು ಇನ್ನೊಂದು ಕಡೆ ಹೋದವು. ಇವತ್ತು ರೋಗ್‌ಲೈಕ್ ಅಂತ ಮಾರಾಟವಾಗುವ ಅರ್ಧಕ್ಕರ್ಧ ಆಟಗಳನ್ನು ಆ ಪಟ್ಟಿ ಒಪ್ಪಲ್ಲ.

ಮೊದಲನೇಮಹಡಿ:

ಜೆಲ್ಡಾ? ಯಾರೂ ಇನ್ನೂ ಜೆಲ್ಡಾ (ನಿಂಟೆಂಡೊದ ಸಾಹಸದ ಆಟ) ಅಂದಿಲ್ಲ. ನಾನೇ ಅಂದುಬಿಡುತ್ತೇನೆ.

ರಾತ್ರಿಪಾಳಿ:

ಜೆಲ್ಡಾ ಆರ್‌ಪಿಜಿ ಅಲ್ಲ. 1987ರ ಎರಡನೇ ಭಾಗದಲ್ಲಿ ಎಕ್ಸ್‌ಪಿ ಇತ್ತು, ಅದೊಂದು ಬೇಕಾದರೆ ಒಪ್ಪುತ್ತೇನೆ.

ಮೊದಲನೇಮಹಡಿ:

ಮೇಲೆ ಎಕ್ಸ್‌ಪಿ ಇದ್ದರೆ ಸಾಲದು ಅಂದವರು ನೀವೇ ಅಲ್ವಾ?

ವೇದಿಕೆ ನಿರ್ವಾಹಕ:

ಜೆಲ್ಡಾ ವಿಷಯ ಇಲ್ಲಿಗೆ ಸಾಕು. ಹಿಂದೆ ಇದೇ ವಿಷಯಕ್ಕೆ ಒಂದು ಎಳೆಗೆ ಬೀಗ ಹಾಕಬೇಕಾಯಿತು. ಮುಂದುವರಿಸಿ.

ಬೆಣ್ಣೆನಗರಿ:

ಅಕ್ಕನ ಅಳತೆಗೋಲು ಹಿಡಿದರೆ ಜಪಾನಿನ ಆಟಗಳೂ ಒಳಗೆ ಬರುತ್ತವೆ, ಅದು ಸರಿ. ಆದರೆ ಅಲ್ಲಿ ಪಾತ್ರ ನನ್ನದಲ್ಲ, ಕಥೆ ನನ್ನದಲ್ಲ, ಕೊನೆಯೂ ಮೊದಲೇ ಬರೆದಿಟ್ಟಿದ್ದು. ನಾನು ಮಾಡೋದು ಮೆನುವಿನಲ್ಲಿ ಹೊಡೆ ಅನ್ನೋದನ್ನು ಒತ್ತೋದು. ಅದರಲ್ಲಿ ಪಾತ್ರಕ್ಕೆ ಜೀವ ತುಂಬಿದ್ದು ನಾನು ಅಂತ ಹೇಗೆ ಹೇಳಲಿ?

ಡೈಸ್‌ಮೇಷ್ಟ್ರು:

ಜಪಾನಿನವರು ಬೇರೆ ಯಾವುದನ್ನೋ ಮಾಡಿದರು ಅಂತ ಅಂದುಕೊಳ್ಳಬೇಡಿ. ಯೂಜಿ ಹೊರೀ 1986ರಲ್ಲಿ ಡ್ರಾಗನ್ ಕ್ವೆಸ್ಟ್ ಮಾಡಿದಾಗ ಅವರ ಮುಂದಿದ್ದಿದ್ದು ಇದೇ ವಿಜಾರ್ಡ್ರಿ, ಜೊತೆಗೆ ಅಮೆರಿಕದ್ದೇ ಇನ್ನೊಂದು ಆರ್‌ಪಿಜಿ ಅಲ್ಟಿಮಾ. ಫ್ಯಾಮಿಕಾಮ್ ಅನ್ನೋ ನಿಂಟೆಂಡೊ ಕನ್ಸೋಲ್‌ನ ಪುಟ್ಟ ಕಂಟ್ರೋಲರ್‌ಗೆ, ಇಂಥ ಆಟ ಹಿಂದೆಂದೂ ಆಡದ ಮಕ್ಕಳಿಗೆ ಹೊಂದುವ ಹಾಗೆ ಅದನ್ನು ಸರಳ ಮಾಡಿದರು. ಎರಡು ವರ್ಷ ಬಿಟ್ಟು ಬಂದ ಮೂರನೇ ಡ್ರಾಗನ್ ಕ್ವೆಸ್ಟ್‌ನಲ್ಲಿ ಜೊತೆಗಾರರ ಹೆಸರು, ಕಸುಬು ಎಲ್ಲ ನೀವೇ ಆರಿಸಬಹುದು. ಅಮೆರಿಕದಲ್ಲಿ ಅಲ್ಟಿಮಾ ಕಡೆಯವರು ಇನ್ನೊಂದು ದಾರಿ ಹಿಡಿದರು. 1985ರ ನಾಲ್ಕನೇ ಅಲ್ಟಿಮಾದಲ್ಲಿ ಕೊಲ್ಲೋಕೆ ದುಷ್ಟ ರಾಜನೇ ಇಲ್ಲ. ಎಂಟು ಸದ್ಗುಣ ಸಾಧಿಸಬೇಕು, ಅಂಗಡಿಯ ಕುರುಡಿಗೆ ಕಡಿಮೆ ದುಡ್ಡು ಕೊಟ್ಟು ಮೋಸ ಮಾಡಿದರೂ ಆಟ ಸುಮ್ಮನೆ ಬರೆದಿಟ್ಟುಕೊಳ್ಳುತ್ತದೆ.

ಒಂದೇ ಬೇರು, ಎರಡೂ ಕೊಂಬೆ ಸಾಚಾ.

ಕರಾವಳಿ_ಕನ್ಸೋಲ್:

ಬೆಣ್ಣೆನಗರಿಯವರ ಪ್ರಶ್ನೆಗೆ ಒಂದು ಮಾತು ಮಾರಾಯ್ರೆ. ನಮ್ಮ ಕಡೆ ಮಳೆಗಾಲದಲ್ಲಿ ತಾಳಮದ್ದಳೆ ನಡೆಯುತ್ತದೆ. ವೇಷ ಇಲ್ಲ, ಕುಣಿತ ಇಲ್ಲ. ಅರ್ಥಧಾರಿಗಳು ಕೂತು ಮಾತಾಡುತ್ತಾರೆ. ಕೃಷ್ಣಸಂಧಾನ ಪ್ರಸಂಗ ಅಂದ್ರೆ ಸಂಧಾನ ಮುರಿಯುತ್ತದೆ ಅಂತ ಸಭೆಯಲ್ಲಿರೋ ಚಿಕ್ಕ ಮಗುವಿಗೂ ಗೊತ್ತು. ಪದ್ಯ ಬರೆದಿಟ್ಟದ್ದು, ಭಾಗವತರು ಹಾಡುತ್ತಾರೆ, ಅದನ್ನು ಮೀರೋ ಹಾಗಿಲ್ಲ. ಆದರೆ ಆ ಪದ್ಯಕ್ಕೆ ಅರ್ಥ ಹೇಳುವಾಗ ಕೌರವ ಏನು ಮಾತಾಡಬೇಕು ಅಂತ ಯಾರೂ ಬರೆದುಕೊಟ್ಟಿಲ್ಲ. ಒಬ್ಬರ ಕೌರವ ಹಟಮಾರಿ. ಇನ್ನೊಬ್ಬರ ಕೌರವ ಎಷ್ಟು ನ್ಯಾಯ ಮಾತಾಡುತ್ತಾನೆ ಅಂದ್ರೆ ಕೃಷ್ಣನ ಅರ್ಥ ಹೇಳುವವರು ಒಂದು ಗಳಿಗೆ ತಡವರಿಸಬೇಕು. ಕೊನೆ ಬದಲಾಗಲ್ಲ. ಪಾತ್ರ ಬದಲಾಗುತ್ತದೆ.

ವಿಚರ್ 3ರ ಗೆರಾಲ್ಟ್ ನನಗೆ ಹಾಗೇ. ಅವನು ಯಾರು ಅನ್ನೋದು ನನ್ನ ಕೈಲಿಲ್ಲ. ದುಡ್ಡಿಗೆ ಚೌಕಾಸಿ ಮಾಡುತ್ತಾನೋ, ಬಡ ರೈತನ ಹತ್ತಿರ ಬೇಡ ಇಟ್ಟುಕೋ ಅನ್ನುತ್ತಾನೋ, ಅದು ನನ್ನ ಕೈಲಿದೆ. ಆ ಜಾಗ ಎಷ್ಟೇ ಚಿಕ್ಕದಿರಲಿ, ಅಲ್ಲಿ ಅರ್ಥ ಹೇಳೋಕೆ ಬಿಟ್ಟರೆ ಆರ್‌ಪಿಜಿ. ಸಿಜೆಗೆ ಆ ಜಾಗ ಇಲ್ಲ. ಎಷ್ಟು ತಿನ್ನಬೇಕು ಅಂತ ನಾನು ಹೇಳಬಹುದು. ಗೆಳೆಯನಿಗೆ ಏನು ಉತ್ತರ ಕೊಡಬೇಕು ಅಂತ ಹೇಳೋ ಹಾಗಿಲ್ಲ.

ರಾತ್ರಿಪಾಳಿ:

ಇದು ನನ್ನ ಆಯ್ಕೆಯ ವಾದಕ್ಕೆ ಸೇರಿತು ಅಂತ ಬರೆದುಕೊಳ್ಳುತ್ತೇನೆ 😄

ಕರಾವಳಿ_ಕನ್ಸೋಲ್:

ಪೂರ್ತಿ ಅಲ್ಲ ಮಾರಾಯ್ರೆ. ನಿಮಗೆ ಲೋಕ ಉತ್ತರ ಕೊಡಬೇಕು. ನನಗೆ ಕೊಡದಿದ್ದರೂ ನಡೆಯುತ್ತದೆ.

ಸೇವ್‌ಗೇಮ್:

ಎರಡು ಆಟಗಳ ಹೆಸರು ಯಾರೂ ಎತ್ತಿಲ್ಲ, ಎರಡೂ ಇಲ್ಲಿನ ವಾದಗಳನ್ನೆಲ್ಲ ತಲೆಕೆಳಗು ಮಾಡುತ್ತವೆ.

ಮೊದಲನೆಯದು 2015ರ ಅಂಡರ್‌ಟೇಲ್. ಮುಗಿಸಿಲ್ಲದವರು ಈ ಪ್ಯಾರಾ ಬಿಟ್ಟುಬಿಡಿ. ಎಲ್ಲ ಆರ್‌ಪಿಜಿಗಳ ಹಾಗೆ ಇಲ್ಲೂ ಇಎಕ್ಸ್‌ಪಿ, ಎಲ್‌ವಿ ಅಂತ ಕಾಣುತ್ತದೆ. ಕೊಂದರೆ ಏರುತ್ತದೆ. ಕೊನೆ ಹತ್ತಿರ ಬಂದಾಗ ಒಂದು ಅಸ್ಥಿಪಂಜರ ನಿಮ್ಮನ್ನು ನಿಲ್ಲಿಸಿಕೊಂಡು ಹೇಳುತ್ತದೆ: ಅದು ಅನುಭವದ ಅಂಕವಲ್ಲ, ನೀನು ಎಷ್ಟು ನೋವು ಕೊಟ್ಟಿದ್ದೀಯ ಅನ್ನೋದರ ಲೆಕ್ಕ. ಎಲ್‌ವಿ ಅಂದ್ರೆ ನಿನ್ನ ಹಿಂಸೆಯ ಮಟ್ಟ. ಯಾರನ್ನೂ ಕೊಲ್ಲದೆ ಬಂದವರು ಕೊನೆಯವರೆಗೂ ಒಂದನೇ ಲೆವೆಲ್‌ನಲ್ಲೇ ಇರುತ್ತಾರೆ. ಬೆಳೆಯದೇ ಇರೋದೇ ಅಲ್ಲಿ ಪಾತ್ರ. ಲೆವೆಲ್ ಏರಿದರೆ ಮಾತ್ರ ಆರ್‌ಪಿಜಿ ಅನ್ನೋರು ಇದಕ್ಕೆ ಏನು ಹೇಳುತ್ತಾರೆ?

ಎರಡನೆಯದು 2019ರ ಡಿಸ್ಕೊ ಎಲಿಸಿಯಂ. ಎಸ್ಟೋನಿಯಾದಲ್ಲಿ ಹುಟ್ಟಿದ ತಂಡದ್ದು. ಹೊಡೆದಾಟದ ಪರದೆಯೇ ಇಲ್ಲ. ಕುಡಿದು ನೆನಪು ಕಳೆದುಕೊಂಡ ಪೊಲೀಸಿನವನು, 24 ಕೌಶಲಗಳು. ಆ ಕೌಶಲಗಳು ಬರೀ ಅಂಕಿಗಳಲ್ಲ, ತಲೆಯೊಳಗೆ ಕೂತು ಮಾತಾಡುತ್ತವೆ, ಒಂದರ ಜೊತೆ ಒಂದು ಜಗಳವಾಡುತ್ತವೆ. ಕಲ್ಪನೆಗೆ ಜಾಸ್ತಿ ಅಂಕ ಹಾಕಿದರೆ ಜೀವವಿಲ್ಲದ ವಸ್ತುಗಳೂ ನಿಮ್ಮ ಹತ್ತಿರ ಮಾತಾಡುತ್ತವೆ. ಮೈಬಲಕ್ಕೆ ಏನೂ ಹಾಕದಿದ್ದರೆ ಮೊದಲನೇ ಕೋಣೆಯಲ್ಲಿ, ತಿರುಗುತ್ತಿರುವ ಫ್ಯಾನಿನಿಂದ ತನ್ನದೇ ಟೈ ಎಳೆದುಕೊಳ್ಳೋಕೆ ಹೋಗಿ ಎದೆ ಒಡೆದು ಸಾಯಬಹುದು. ಹೌದು, ಆಟ ಶುರುವಾಗಿ ಪ್ಯಾಂಟ್ ಹಾಕೋ ಮೊದಲೇ. ಪಿಕ್ಸೆಲ್‌ಅಕ್ಕನ ಅಳತೆಗೂ ಇದು ಸಿಗುತ್ತದೆ, ರಾತ್ರಿಪಾಳಿ, ಕರಾವಳಿ ಇಬ್ಬರ ಅಳತೆಗೂ ಸಿಗುತ್ತದೆ. ಡೈಸ್ ಕೂಡ ಇದೆ, ಎರಡು ದಾಳ. ಸೋತರೂ ಕಥೆ ನಿಲ್ಲಲ್ಲ, ಇನ್ನಷ್ಟು ನಾಚಿಕೆಗೇಡಾಗಿ ಮುಂದೆ ಹೋಗುತ್ತದೆ.

ಪಿಕ್ಸೆಲ್‌ಅಕ್ಕ:

ಸೋತರೂ ಮುಂದೆ ಹೋಗೋದು ಬಹಳ ಮುಖ್ಯ. 2023ರ ಬಾಲ್ಡರ್ಸ್ ಗೇಟ್ 3ರಲ್ಲಿ ಪರದೆ ತುಂಬಾ 20 ಮುಖದ ದಾಳ ಉರುಳುತ್ತದೆ. ಒಂದು ಬಿತ್ತು ಅಂದ್ರೆ ಎಷ್ಟು ಜಾಣನಾಗಿದ್ದರೂ ಸೋಲೇ. ಆಮೇಲೆ ನಾವೆಲ್ಲ ಏನು ಮಾಡುತ್ತೇವೆ? ಎಫ್8 ಒತ್ತಿ ಹಳೇ ಸೇವ್‌ಗೆ ಹೋಗುತ್ತೇವೆ. ಅಷ್ಟು ಒಳ್ಳೆ ಆರ್‌ಪಿಜಿಯನ್ನು ಆಗ ನಾವೇ ಕೈಯಾರೆ ಹಾಳು ಮಾಡುತ್ತಿರುತ್ತೇವೆ. ಮೇಜಿನ ಮೇಲೆ ಡಂಜನ್ ಮಾಸ್ಟರ್ ಎದುರಿಗೆ ಹಾಗೆ ಮಾಡಿ ನೋಡಿ!

ಡೈಸ್‌ಮೇಷ್ಟ್ರು:

ಮಾಡಿದವರನ್ನು ಮುಂದಿನ ವಾರ ಕರೆಯುವುದಿಲ್ಲ.

ಮೊದಲನೇಮಹಡಿ:

2025ರ ಎಕ್ಸ್‌ಪೆಡಿಶನ್ 33 ಬಗ್ಗೆ ಏನಂತೀರಾ? ಸರದಿ ಪ್ರಕಾರ ಹೊಡೆದಾಟ, ಆದರೆ ಶತ್ರು ಹೊಡೆಯುವಾಗ ಸರಿಯಾದ ಕ್ಷಣಕ್ಕೆ ಬಟನ್ ಒತ್ತಿದರೆ ಒಂದು ಏಟೂ ಬೀಳಲ್ಲ. ಬೆರಳು ಚುರುಕಿದ್ದರೆ ದುರ್ಬಲ ಪಾತ್ರವೂ ಗೆಲ್ಲುತ್ತದೆ. ಅಕ್ಕನ ಪ್ರಕಾರ ಎಷ್ಟು ಮಾರ್ಕ್ಸ್?

ಪಿಕ್ಸೆಲ್‌ಅಕ್ಕ:

ಪಾಸ್, ಆದರೆ ಡಿಸ್ಟಿಂಕ್ಷನ್ ಇಲ್ಲ. ನನ್ನಂಥ ನಿಧಾನ ಬೆರಳಿನವರಿಗೆ ಆರ್‌ಪಿಜಿ ಅನ್ನೋದು ಆಶ್ರಯ ಕೊಡೋ ಜಾಗ ಆಗಿತ್ತು. ಯೋಚನೆ ಮಾಡಿ ಗೆಲ್ಲಬಹುದಿತ್ತು. ಈಗ ಅಲ್ಲೂ ಬೆರಳು ಕೇಳುತ್ತಾರೆ. ಹೆಸರು ಮುಖ್ಯ ಅಂತ ನಾನು ಇಷ್ಟು ಹಟ ಹಿಡಿಯೋದು ಅದಕ್ಕೇ. ಆಟ ಮಾರೋ ಸ್ಟೀಮ್ ಅಂಗಡಿಯಲ್ಲಿ ಟ್ಯಾಗ್ ಹಾಕೋರು ಆಡೋರೇ. ಯಾರೋ ಒಬ್ಬರು ಆರ್‌ಪಿಜಿ ಅಂತ ಒತ್ತುತ್ತಾರೆ, ನಾನು ನಂಬಿ ಕೊಳ್ಳುತ್ತೇನೆ, ನೋಡಿದರೆ ಬಂದೂಕಿನ ಆಟಕ್ಕೆ ಒಂದು ಲೆವೆಲ್ ಪಟ್ಟಿ ಅಂಟಿಸಿರುತ್ತಾರೆ. ದುಡ್ಡು ಹೋಗಿದ್ದು ನನ್ನದು.

ಬೆಣ್ಣೆನಗರಿ:

ಈ ಕಾರಣ ಸರಿಯಾಗಿದೆ. ಯಾವ ಆಟ ದೊಡ್ಡದು ಅಂತ ಅಲ್ಲ, ಕೊಳ್ಳೋ ಮೊದಲು ಏನು ಸಿಗುತ್ತೆ ಅಂತ ಗೊತ್ತಾಗಬೇಕು. ಫಾಲೌಟ್ 4ರಲ್ಲಿ ಹಾಗೇ ಆಯಿತಲ್ಲ. ಹಳೇ ಫಾಲೌಟ್‌ನ ಕೌಶಲಗಳ ಪಟ್ಟಿ ತೆಗೆದರು, ಮಾತಿಗೆ ನಾಲ್ಕೇ ಆಯ್ಕೆ ಇಟ್ಟರು. ಆಟ ಕೆಟ್ಟದಲ್ಲ, ಹಳಬರು ಕಾದಿದ್ದು ಬೇರೆಯದಕ್ಕೆ.

ಹೊಸಬ_22:

ಎಲ್ಲ ಓದಿದೆ, ತಲೆ ಗಿರ್ ಅಂತಿದೆ. ನನ್ನದು ಹಳೇ ಲ್ಯಾಪ್‌ಟಾಪ್, ಗ್ರಾಫಿಕ್ಸ್ ಕಾರ್ಡ್ ಇಲ್ಲ. ಬೆರಳು ಚುರುಕೂ ಇಲ್ಲ. ಓದೋದು ಇಷ್ಟ. ಎಲ್ಲಿಂದ ಶುರು ಮಾಡಲಿ ಸಾರ್?

ಸೇವ್‌ಗೇಮ್:

ಅಂಡರ್‌ಟೇಲ್ ಎಂಥ ಲ್ಯಾಪ್‌ಟಾಪ್‌ನಲ್ಲೂ ಓಡುತ್ತದೆ. ಆದರೆ ಶತ್ರುಗಳ ಏಟು ತಪ್ಪಿಸಿಕೊಳ್ಳೋಕೆ ಅಲ್ಲೂ ಬೆರಳು ಬೇಕು, ಮೊದಲೇ ಹೇಳಿಬಿಡುತ್ತೇನೆ. ಬರೀ ಮಾತುಕತೆ ಬೇಕು ಅಂದ್ರೆ ಅನ್‌ರೆಸ್ಟ್ ನೋಡಿ. 2014ರದು, ನಮ್ಮ ದೇಶದ್ದೇ ಚಿಕ್ಕ ತಂಡ ಮಾಡಿದ್ದು. ಬರಗಾಲ ಬಿದ್ದ ಹಳೇ ಭಾರತದ ಥರದ ಊರು, ಬೇರೆ ಬೇರೆ ಜನರಾಗಿ ಆಡುತ್ತೀರಿ, ಹೊಡೆದಾಟ ಬಹುಪಾಲು ತಪ್ಪಿಸಬಹುದು.

ರಾತ್ರಿಪಾಳಿ:

ಮೊದಲನೇ ಫಾಲೌಟ್. ಸರದಿ ಪ್ರಕಾರ ಆಡೋದು, ಬೆರಳಿನ ಹಂಗಿಲ್ಲ, ಯಾವ ಲ್ಯಾಪ್‌ಟಾಪ್ ಆದರೂ ಸಾಕು. ಒಂದೆರಡು ವಿಷಯ ನೆನಪಿಟ್ಟುಕೊಳ್ಳಿ. ನೀರು ಶುದ್ಧ ಮಾಡೋ ಯಂತ್ರದ ಚಿಪ್ ತರೋಕೆ ಆಟದ ಲೆಕ್ಕದಲ್ಲಿ 150 ದಿನ ಗಡುವು, ಸುಮ್ನೆ ಅಲೆದಾಡಬೇಡಿ. ಚುರುಕುತನಕ್ಕೆ ಅಂಕ ಜಾಸ್ತಿ ಹಾಕಿ, ಒಂದು ಸರದಿಯಲ್ಲಿ ಹೆಚ್ಚು ಕೆಲಸ ಮಾಡಬಹುದು. ಬುದ್ಧಿ ಕಡಿಮೆ ಮಾಡೋ ಪ್ರಯೋಗ ಮೊದಲನೇ ಸಲ ಬೇಡ, ಕಥೆ ಅರ್ಧ ತಪ್ಪಿಹೋಗುತ್ತದೆ.

ಮೊದಲನೇಮಹಡಿ:

ನಾಯಿ ಸಿಕ್ಕರೆ ಜೊತೆಗೆ ಕರೆದುಕೊಂಡು ಹೋಗಿ. ಅದನ್ನು ಕೊನೆಯವರೆಗೂ ಬದುಕಿಸಿಕೊಂಡರೆ ಇಲ್ಲಿ ಬಂದು ಹೇಳಿ, ನನ್ನ ಕೈಲಿ ಆಗಿಲ್ಲ.